ಸಣ್ಣಿಗೆ ನಾನು ಕೊಳ್ಳದ ಟಿಕೆಟ್

ಸ್ತ್ರೀಶಕ್ತಿ ಸಂಘದ ಅಧ್ಯಕ್ಷೆ ಶ್ರೀಮತಿ ಕಮಲ ಅವರೇ, ಮುಖ್ಯ ಅತಿಥಿಗಳಾದ ಪೂವಯ್ಯ ಮೇಷ್ಟ್ರೇ, ಪಕ್ಕದ ಕೋಣೆಯಿಂದ ಸಾರಿನ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ,

ಮೂವತ್ನಾಲ್ಕು ವರ್ಷ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದವನು ನಾನು. ಹಾಜರಿ ಕೂಗುವುದು ಬಿಟ್ಟರೆ ಜೋರಾಗಿ ಮಾತಾಡಿ ಅಭ್ಯಾಸವಿಲ್ಲ. ಆದರೂ ಈ ವಾರ್ಷಿಕೋತ್ಸವಕ್ಕೆ ಕಮಲಮ್ಮನವರು ನನ್ನನ್ನೇ ಕರೆದು, 'ಲಾಟರಿಗೆ ಹಾಕುವ ದುಡ್ಡು ದಂಡವೇ?' ಎಂಬ ವಿಷಯ ಕೊಟ್ಟಿದ್ದಾರೆ. ಯಾಕೆ ನಾನೇ? ಸಣ್ಣಿಯ ದುಡ್ಡನ್ನು ಲಾಟರಿಯಿಂದ ಉಳಿಸಿದವರು ಬೊಳ್ಳಪ್ಪ ರೈಟರು ಎಂದು ಊರೆಲ್ಲ ಹೇಳುತ್ತದೆ. ಈಗಷ್ಟೇ ಇಲ್ಲಿ ಚಪ್ಪಾಳೆಯೂ ಆಯಿತು.

ನಮ್ಮ ರಾಜ್ಯದಲ್ಲಿ ಲಾಟರಿ ನಿಂತು ಎಷ್ಟೋ ವರ್ಷವಾಯಿತು. ಕುಟ್ಟ ದಾಟಿ ತೋಲ್ಪಟ್ಟಿಗೆ ಹೋದರೆ ಕೇರಳದ್ದು ಸಿಗುತ್ತದೆ. ಪ್ರತಿ ಶನಿವಾರ ನಾನು ಹೋಗುತ್ತಿದ್ದೆ. ಲೈನಿನ, ಅಂದರೆ ಎಸ್ಟೇಟಿನ ಆಳುಮನೆ ಸಾಲಿನ ಜನ ತಮಗೂ ಒಂದು ತರಲು ದುಡ್ಡು ಕೊಡುತ್ತಿದ್ದರು, ತರುತ್ತಿದ್ದೆ. ಪೊಲೀಸ್ ಇಲಾಖೆಯವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಕೇಳಿಸಿಕೊಳ್ಳಬೇಡಿ.

ಸಣ್ಣಿ ನಮ್ಮ ಲೈನಿನವಳು. ಗಂಡನಿಲ್ಲ, ಮಾಲತಿ ಎಂಬ ಒಬ್ಬಳೇ ಮಗಳು. ಕಾಫಿ ಹಣ್ಣು ಕೊಯ್ಯುವ ಪಿಕಿಂಗಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ವಾರವಾರವೂ ನಲವತ್ತು ರೂಪಾಯಿ ತಂದು, "ಕೊನೇಲಿ ಹದಿನೇಳು ಇರ್ಬೇಕು ರೈಟ್ರೇ" ಎನ್ನುತ್ತಿದ್ದಳು. ಹದಿನೇಳು ಮಗಳು ಹುಟ್ಟಿದ ತಾರೀಖು. ನನಗೆ ಕನಿಕರವಾಯಿತು. ಅವಳ ಪಾಲಿನ ಟಿಕೆಟ್ ಕೊಳ್ಳುವುದನ್ನು ನಿಲ್ಲಿಸಿದೆ. ಅಂಚೆ ಕಚೇರಿಯಲ್ಲಿ ನನ್ನ ಹೆಸರಿನಲ್ಲೇ ಖಾತೆ ತೆರೆದು ಆ ದುಡ್ಡು ಹಾಕುತ್ತಾ ಬಂದೆ. ಟಿಕೆಟ್ ಎಲ್ಲಿ ಎಂದರೆ, "ಲೈನಿನಲ್ಲಿ ಒದ್ದೆಯಾಗುತ್ತೆ, ನನ್ನ ಹತ್ರಾನೇ ಇರ್ಲಿ" ಎಂದೆ. ನಂಬಿದಳು. ಸೋಮವಾರ ಹಾಜರಿಗೆ ನಿಂತಾಗ ಕಣ್ಣಲ್ಲೇ ಕೇಳುತ್ತಿದ್ದಳು. "ಈ ಸಲಾನೂ ಬರ್ಲಿಲ್ಲ ಸಣ್ಣಿ" ಎನ್ನುತ್ತಿದ್ದೆ. ಹೀಗೆ ಏಳು ವರ್ಷ. ಹದಿನೇಳರ ನಂಬರು ಎಂದಾದರೂ ಬಂದಿತ್ತೇ? ಒಂದು ದಿನವೂ ನಾನು ನೋಡಲಿಲ್ಲ. ನನ್ನ ಟಿಕೆಟ್ ಮಾತ್ರ ತಪ್ಪದೆ ಕೊಳ್ಳುತ್ತಿದ್ದೆ. ಇದನ್ನು ಇವತ್ತು ಹೇಳಬೇಕೆಂದು ಬಂದಿರಲಿಲ್ಲ, ಬಾಯಿಗೆ ಬಂತು, ಹೇಳಿಬಿಟ್ಟೆ.

ಮಾಲತಿಯ ಮದುವೆ ಗೊತ್ತಾದಾಗ ಆ ದುಡ್ಡನ್ನೆಲ್ಲ ತೆಗೆದು, ಕವರಿನಲ್ಲಿ ಹಾಕಿ, ನಾಲ್ಕು ಜನರ ಎದುರಿಗೇ ಸಣ್ಣಿಯ ಕೈಗೆ ಕೊಟ್ಟೆ. ನಡೆದದ್ದನ್ನೂ ಹೇಳಿದೆ. ಎಲ್ಲರೂ ನನ್ನನ್ನು ದೇವರು ಎಂದರು. ಸಣ್ಣಿ ಕವರ್ ಹಿಡಿದುಕೊಂಡೇ ನಿಂತಿದ್ದಳು. ಜನ ಹೋದ ಮೇಲೆ ಕೇಳಿದಳು:

"ಹಂಗಾರೆ ನಾನು ಒಂದ್ಸಲಾನೂ ಸೋತಿರ್ನಿಲ್ವಾ ರೈಟ್ರೇ?"

ಇಲ್ಲ ಎಂದೆ.

"ಬರ್ಲಿಲ್ಲ, ಬರ್ಲಿಲ್ಲ ಅಂತ ವಾರವಾರ ನೀವೇ ಅಂದ್ರಿ. ನನ್ನ ಹೆಸ್ರಿಗೆ ಯಾವ ಚೀಟೀನೂ ಬರಾಕಿಲ್ಲ ಅಂದ್ಕಂಡೆ. ಅದ್ಕೇ ಸೈಟಿಗೆ ಅರ್ಜಿ ಹಾಕ್ನಿಲ್ಲ."

ಸಭಿಕರೇ, ಅದರ ಹಿಂದಿನ ವರ್ಷ ಪಂಚಾಯಿತಿಯವರು ಮನೆ ಇಲ್ಲದವರಿಗೆ ಚೀಟಿ ಎತ್ತಿ ಸೈಟು ಕೊಟ್ಟಿದ್ದರು. ಲೈನಿನವರ ಅರ್ಜಿಗಳನ್ನೆಲ್ಲ ಬರೆದುಕೊಟ್ಟವನು ನಾನೇ. ಸಣ್ಣಿ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳಬೇಕಿತ್ತು. ಪಿಕಿಂಗಿನ ಗಡಿಬಿಡಿ, ಕೇಳಲಿಲ್ಲ. ಅರ್ಜಿ ಹಾಕಿದವರು ನಲವತ್ತು ಜನ, ಸಿಕ್ಕಿದ್ದು ಮೂವತ್ತೊಂದು ಜನಕ್ಕೆ. ಪಕ್ಕದ ಮನೆಯ ಲಿಂಗಿಗೂ ಸಿಕ್ಕಿತು.

ಈಗ ಸಣ್ಣಿಗೆ ಕೆಲಸ ಮಾಡಲಾಗುವುದಿಲ್ಲ. ಕೆಲಸ ಬಿಟ್ಟವರಿಗೆ ಲೈನಿನಲ್ಲಿ ಜಾಗವಿಲ್ಲ. ಶಿರಂಗಾಲದಲ್ಲಿ ಮಗಳ ಅತ್ತೆಮನೆಯ ಹಿಂದೆ, ಶುಂಠಿ ತುಂಬಿಡುವ ಕೋಣೆಯಲ್ಲಿದ್ದಾಳೆ. ಬೀಗರ ಮನೆಯಲ್ಲಿ ತಾಯಿಯೊಬ್ಬಳು ಹೇಗಿರುತ್ತಾಳೆ ಎಂಬುದನ್ನು ಈ ಸಭೆಯ ಹೆಂಗಸರಿಗೆ ನಾನು ಹೇಳಬೇಕಾಗಿಲ್ಲ.

ಲಾಟರಿ ದಂಡವೇ ಎಂದು ಕೇಳಿದಿರಿ. ದಂಡವೇ. ಆದರೆ ಆ ನಲವತ್ತು ರೂಪಾಯಿ ಅವಳದು. ಬೇಡ ಎಂದು ಅವಳಿಗೇ ಹೇಳಬಹುದಿತ್ತು. ಜಗಳವಾಡಬಹುದಿತ್ತು. ಹೇಳದೆ ಮಾಡಿದ್ದು ನನ್ನ ತಪ್ಪು. ಅದಕ್ಕೆ ಈ ಚಪ್ಪಾಳೆ ನನಗೆ ಬೇಡ.

ಪಂಚಾಯಿತಿಯವರು ಮತ್ತೆ ಅರ್ಜಿ ಕರೆದಿದ್ದಾರೆ. ಅವಳ ಓಟು ಇನ್ನೂ ಇಲ್ಲೇ ಇದೆ, ಹಾಗಾಗಿ ಅವಳೂ ಹಾಕಬಹುದು. ಹೋದ ಭಾನುವಾರ ನಾನೇ ಶಿರಂಗಾಲಕ್ಕೆ ಹೋಗಿ, ಕೂತು, ಅರ್ಜಿ ತುಂಬಿಸಿ, ಹೆಬ್ಬೆಟ್ಟು ಒತ್ತಲು ಹೇಳಿದೆ. ಸಣ್ಣಿ ಒತ್ತಲಿಲ್ಲ. ಕಾಗದವನ್ನು ಮಗಳ ಕೈಗೆ ಕೊಟ್ಟು, ನನ್ನ ಎದುರಿಗೇ ಹೇಳಿದಳು:

"ಇದ್ರಲ್ಲಿ ನನ್ನ ಹೆಸ್ರು ಐತಾ, ಓದಿ ನೋಡವ್ವಾ."

ಕರೆದು ಕೂರಿಸಿದ ಸಂಘಕ್ಕೂ, ಇಷ್ಟು ಹೊತ್ತು ಸಹಿಸಿದ ನಿಮಗೂ ಋಣಿಯಾಗಿದ್ದೇನೆ. ನಮಸ್ಕಾರ.