ಜಿಪಾರ್ ಸೆಲ್ಲು ತೆಗೆದಳಂತೆ

...ಅಯ್ಯೋ, ಅದನ್ನೇ ಹೇಳ್ತಿದೀನಲ್ಲ ಅಜ್ಜ, ವಿಷಗಾಳಿ ಬಂದ್ರೆ ಕೂಗೋ ನಮ್ಮ ಡಬ್ಬಿದೇನೂ ತಪ್ಪಿಲ್ಲ! ತಗೊಂಡೋಗಿ ಬಿಚ್ಚಿ ನೋಡಿದ್ವಿ. ಒಳಗೆ ಸೆಲ್ಲೇ ಇರಲಿಲ್ಲ. ಸೆಲ್ಲಿಲ್ಲದ ಡಬ್ಬಿ ಹೆಂಗೆ ಕೂಗುತ್ತೆ, ನೀವೇ ಹೇಳಿ? ಒಲೆಯ ಹೊಗೆಕೊಳವೆ ಕಟ್ಟಿಕೊಂಡು ಮನೆ ತುಂಬ ವಿಷಗಾಳಿ ತುಂಬಿದ್ರೂ ಅದು ಗೋಡೆ ಮೇಲೆ ಸುಮ್ನೆ ಕೂತಿರುತ್ತೆ, ಅಷ್ಟೇ.

ಯಾಕೆ ಹಂಗೆ ನೋಡ್ತೀರಿ? ನಿಮ್ಮ ಸೊಸೆ ಮೇಲೆ ಗೂಬೆ ಕೂರಿಸೋಕೆ ಬಂದಿದಾನೆ ಅಂತಾನಾ? ಛೆ ಛೆ! ಜಿಪಾರ್ ನನಗೂ ತಂಗಿ ಇದ್ದ ಹಾಗೆ. ಸೆಲ್ಲು ತೆಗೆದು ಕೂಸನ್ನ ತಾಯಿನೇ ಕೊಂದ್ಲು, ತಾನೂ ಸತ್ಲು ಅಂತ ಊರೋರು ಅಂತಾರೆ. ಅನ್ನಲಿ ಬಿಡಿ, ಆಡೋರ ಬಾಯಿಗೆ ಬೀಗ ಹಾಕೋಕಾಗುತ್ತಾ? ಆದ್ರೆ ನೀವು... ನಾಡಿದ್ದು ನಲವತ್ತನೇ ದಿನಕ್ಕೆ ಕೂಸಿನ ಹೆಸರಲ್ಲಿ ಮಾತ್ರ ಕುರಾನ್ ಓದಿಸ್ತೀನಿ, ಅವಳ ಹೆಸರು ಎತ್ತಕೂಡದು ಅಂದ್ರಂತೆ. ಬೇಡ ಅಜ್ಜ. ದೊಡ್ಡೋರು ನೀವು. ಕ್ಷಮಿಸಿಬಿಡಿ ಅವಳನ್ನ.

ನಗ್ತೀರಾ? ಇವನಿಗೇನು ಲಾಭ ಅಂತಾನಾ? ನಗಿ, ನಗಿ. ಈ ನಾರಿನ್ ಸೀಮೆಲಿ ಯಾರನ್ನಾದ್ರೂ ಕೇಳಿ, ಈ ಕುಬಾತ್ ಎಂಥೋನು ಅಂತ. ಎಂಬತ್ತು ಮನೆಗೆ ಪುಕ್ಕಟೆ ಡಬ್ಬಿ ಹಾಕಿಸಿದೆ. ನಮ್ಮಪ್ಪನೂ ಕಲ್ಲಿದ್ದಲ ಒಲೆ ಗಾಳಿಗೇ ಹೋದೋನು, ಅದಕ್ಕೇ ಈ ಕಂಪನಿ ಕಟ್ಟಿದ್ದು. ಡಬ್ಬಿ ಮೇಲಿರೋ ಫೋನ್ ನಂಬರ್ ನಂದೇ! ಗುಮಾಸ್ತಂದಲ್ಲ, ನಂದು. ಜೀವದ ವಿಷಯಕ್ಕೆ ಮಾಲೀಕನೇ ಫೋನ್ ಎತ್ತಬೇಕು, ಅದು ನಮ್ಮಲ್ಲಿ ನಿಯಮ. ಈಗ ಮೇಲಿನೂರೋರು ಡಬ್ಬಿನೇ ಬೇಡ ಅಂತ ಹಟ ಹಿಡಿದಿದಾರೆ. ನೀವು ಕೈಯೆತ್ತಿ ಒಂದು ಸಲ ಹರಸಿದ್ರೆ ಒಪ್ತಾರೆ. ಇನ್ನೂರು ಮನೆ, ಅಜ್ಜ! ಎಷ್ಟು ಮಕ್ಕಳು, ಯೋಚನೆ ಮಾಡಿ!

ರೊಟ್ಟಿ ಮುರೀರಿ, ಬೆಳಗಿಂದ ಏನೂ ತಿಂದಿಲ್ವಂತೆ.

ಅವಳ ತಪ್ಪೇನಿದೆ, ನೋಡಿ... ಕೂಸಿಗೆ ಮೂರು ದಿನದಿಂದ ಜ್ವರ. ಮಧ್ಯಾಹ್ನ ಆಗತಾನೇ ಕಣ್ಣು ಮುಚ್ಚಿತ್ತು. ಅಷ್ಟರಲ್ಲಿ ಈ ಡಬ್ಬಿ ಶುರು ಹಚ್ಕೊಳ್ತು. ಬಟ್ಟೆಯಿಂದ ಒರೆಸಿದ್ಲು, ಕಿಟಕಿ ತೆಗೆದ್ಲು, ಮತ್ತೆ ಕೂಗ್ತು. ಅತ್ತ ಕೂಸು ಕಿರಿಚುತ್ತೆ, ಇತ್ತ ಡಬ್ಬಿ ಕಿರಿಚುತ್ತೆ. ಪಾಪ, ಅಳುನೇ ಬಂದುಬಿಟ್ಟಿತ್ತು ಅವಳಿಗೆ...

ಏನಾಯ್ತು? ರೊಟ್ಟಿ ಯಾಕೆ ಕೆಳಗಿಟ್ರಿ?

ನನಗೆ... ಯಾರೋ ಹೇಳಿದ್ರು. ಪಕ್ಕದ ಮನೆಯೋರು. ಹ್ಞೂಂ, ಪಕ್ಕದ ಮನೆ... ಇಲ್ಲ. ಪಕ್ಕದಲ್ಲಿ ಮನೆ ಇಲ್ಲ. ಗೊತ್ತು. ನೀವು ಕುರಿ ಹತ್ರ ಇದ್ರಿ, ನಿಮ್ಮ ಮಗ ಮಾಸ್ಕೋದಲ್ಲಿ. ಅವಳೊಬ್ಬಳೇ ಇದ್ಲು, ಗೊತ್ತು.

ಅಜ್ಜ, ಏನಾದ್ರೂ ಅನ್ನಿ. ಬೈಯಿರಿ!

ಆ ವಾರ ಚಳಿಗೆ ಡಬ್ಬಿಗಳು ಸುಮ್ಸುಮ್ನೆ ಕೂಗ್ತಿದ್ವು. ಮೂವತ್ತು ಫೋನು, ಮೂವತ್ತೂ ಸುಳ್ಳು. ವಾಪಸ್ ತರಿಸಿದ್ರೆ ಕಂಪನಿ ಹೆಸರು ಹೋಗುತ್ತೆ ಅಂತ ಬಾಯಿ ಮುಚ್ಕೊಂಡಿದ್ದೆ. ಇವಳು ಫೋನ್ ಮಾಡಿದಾಗ ಇದೂ ಹಂಗೇ ಅಂದ್ಕೊಂಡೆ. ಊಟಕ್ಕೆ ಕೂತಿದ್ದೆ, ಊಟ ಆರ್ತಿತ್ತು... ಸೆಲ್ಲು ತೆಗೆದಿಟ್ಟು ಮಲಕ್ಕೋ ತಂಗಿ ಅಂದೆ. ಕೂಸಿಗೆ ಚಳಿಯಾಗುತ್ತೆ, ಕಿಟಕಿನೂ ಹಾಕ್ಕೋ ಅಂದೆ. ನಾನೇ ಅಜ್ಜ, ನಾನೇ ಅಂದಿದ್ದು.

"ನಿಜವಾಗ್ಲೂ ತೆಗೀಲಾ ಅಣ್ಣ?" ಅಂತ ಎರಡು ಸಲ ಕೇಳಿದ್ಲು. ಎರಡನೇ ಸಲ ರೇಗಿಬಿಟ್ಟೆ ಅವಳ ಮೇಲೆ.