ಬಂದೂಕು ಠಾಣೆಗೆ ಹೋದಾಗ

ಗಂಡನ ಅಂತ್ಯಕ್ರಿಯೆ ಮುಗಿದು, ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗು. ಕೀರ್ತಿ ಎಷ್‌ಬಾರ್ನ್ ಕಡೆಯ ಜರ್ಮನಿಯ ಲೋಕಲ್ ರೈಲು ಎಸ್-ಬಾನ್ ಹತ್ತಿ ಕಿಟಕಿಗೆ ಆತು ಕೂತಿದ್ದಳು. ಎದುರಿಗೆ ಧಾರವಾಡದ ಕಡೆಯ ಗಂಡಹೆಂಡತಿ. ಕನ್ನಡ ಯಾರಿಗೂ ತಿಳಿಯದೆಂಬ ಧೈರ್ಯದಲ್ಲಿ ಜಗಳ ಜೋರಾಗಿಯೇ ನಡೆದಿತ್ತು. ಹೆಂಡತಿ ಹೇಳುತ್ತಿದ್ದಳು:

“ಶೂಟಿಂಗ್ ಕ್ಲಬ್ ಸೇರ್ರಿ, ಬ್ಯಾಡ ಅನ್ನೂದಿಲ್ಲ. ಬಂದೂಕು ಮನೀಗೆ ಬ್ಯಾಡ. ಮನ್ಯಾಗ ಕೂಸೈತಿ.”

“ಚಾಕೂನಿಂದಾನೂ ಮಂದಿ ಸಾಯ್ತಾರ, ಪವಿ. ಅಡಿಗಿಮನ್ಯಾಗ ಚಾಕು ಇಟ್ಟಿಲ್ಲೇನು?”

“ಇದು ಕ್ಲಬ್ಬಿನವರು ಕಲಿಸಿದ ಮಾತು. ನಿಮ್ಮ ಸ್ವಂತದ್ದೊಂದು ಹೇಳ್ರಿ.”

“ನಮ್ಮಜ್ಜನ ಹತ್ರಾನೂ ಇತ್ತು. ಮನೀಗೆ ಅದೊಂದು ಧೈರ್ಯ.”

“ಇಲೆಕ್ಷನ್ ಬಂದಾಗ ಅದನ್ನೇನು ಮಾಡ್ತಿದ್ರು?”

“ಪೊಲೀಸ್ ಠಾಣೇಕ ಕೊಟ್ಟು ಬರತಿದ್ರು. ಲೈಸೆನ್ಸ್ ಇದ್ದವರೆಲ್ಲ ಕೊಡಬೇಕಲ್ಲ.”

“ಆ ತಿಂಗಳೊಪ್ಪತ್ತಿನಾಗ ಮನೀಗೆ ಕಳ್ಳರು ಬಂದ್ರೇನು?”

“ಎಲ್ಲೀ ಕಳ್ಳರು! ಆವಾಗಷ್ಟ ಅಜ್ಜಿ ನಮ್ಮನ್ನ ಅಟ್ಟದ ಮ್ಯಾಲೆ ಆಡಾಕ ಬಿಡತಿದ್ಲು. ಬಂದೂಕು ಅಲ್ಲೇ ಇರತಿತ್ತು ನೋಡು...”

ಅವನ ಮಾತು ಅಲ್ಲಿಗೇ ನಿಂತಿತು. ಕೀರ್ತಿ ಅವನ ಬಾಯನ್ನೇ ನೋಡುತ್ತಿದ್ದಳು.

“ಆತು ತಾಯಿ. ಕ್ಲಬ್ಬಿನ ಕಪಾಟಿನಾಗ ಇಡತೇನಿ.”

“ಇನ್ನೊಮ್ಮೆ ಹೇಳ್ರಿ.”

“ಇನ್ನೊಮ್ಮೆ ಹೇಳಾಕ ಇದೇನು ಕೋರ್ಟ?”

ಎಷ್‌ಬಾರ್ನ್‌ನಲ್ಲಿ ಇಬ್ಬರೂ ನಗುತ್ತ ಇಳಿದು ಹೋದರು. ಕೀರ್ತಿಯೂ ಇಳಿದಳು. ತನ್ನ ಗಂಡನ ಜೊತೆಗೇ ಜರ್ಮನಿಯ ಐಟಿ ಗ್ರೀನ್ ಕಾರ್ಡಿನಲ್ಲಿ ಬಂದಿದ್ದ ಯತಿರಾಜನ ಆಫೀಸಿಗೆ ಹೋಗಿ, ಗಂಡ ಎರವಲು ತಂದಿದ್ದ ಡ್ರಿಲ್ ಮಷಿನನ್ನು ಅವನ ಕೈಗಿತ್ತಳು.

“ನಿಧಾನಕ್ಕೆ ಕೊಡಬಹುದಿತ್ತಲ್ಲ,” ಎಂದ ಅವನು.

ಇನ್ನು ಯಾರ ಸಹಾಯವನ್ನೂ ಕೇಳಬಾರದೆಂದು ಹಟ ಹಿಡಿದಿದ್ದವಳು, ರೈಲಿನಲ್ಲಿ ಹಟ ಬಿಟ್ಟವನನ್ನು ನೆನೆದು, ಬಾಯಿಬಿಟ್ಟು ಕೇಳಿದಳು:

“ಪುಸ್ತಕದ ಶೆಲ್ಫು ಗೋಡೆಗೆ ಹಾಕೋದು ಬಾಕಿ ಇದೆ. ಶನಿವಾರ ಇದನ್ನ ನೀವೇ ತಗೊಂಡು ಬರ್ತೀರಾ?”