ಒಂದು ಹಿಡಿ ಹಳಬರು

ಬಸ್ಸಿನ ಮುಂದಿನ ಸೀಟಿನಲ್ಲಿ ಜೇನು ಸಾಕುವ ಹೆಂಗಸೂ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳ ಅಕ್ಕನ ಮಗಳೂ ಮಾತಿಗಿಳಿದಿದ್ದರು. ಹಿಂದೆ ಕೂತ ದರ್ಜಿ ಮೈಯೆಲ್ಲ ಕಿವಿಯಾಗಿದ್ದ.

“ಚಿಕ್ಕಮ್ಮಾ, ಮೊದಮೊದಲು ನಮ್ಮ ಲ್ಯಾಬಿನ ಜೇನುಪೆಟ್ಟಿಗೆ ಫಳಫಳ ತೊಳೆದಿಟ್ಟಿದ್ವಿ. ಆದ್ರೂ ಎಳೇ ನೊಣಗಳು ಕಾಯಿಲೆ ಬಿದ್ವು.”

“ಜೊತೆಗೆ ಹಳೇ ನೊಣ ಬಿಟ್ಟಿದ್ರೇನೇ?”

“ಒಂದೂ ಇಲ್ಲ. ರೋಗ ಅಂಟಿಸ್ತಾವೆ ಅಂತ.”

“ಓದಿದ್ದೆಲ್ಲಾ ದಂಡ! ಹೊಸ ಪೆಟ್ಟಿಗೆಗೆ ನಾನು ಮೊದಲು ಬಿಡೋದೇ ಒಂದು ಹಿಡಿ ಮುದುಕಿಯರನ್ನ.”

“ಅದೇ ಸರಿ. ಆಗ ತಾನೇ ಹುಟ್ಟಿದ ನೊಣದ ಹೊಟ್ಟೇಲಿ ಏನೂ ಇರಲ್ಲ. ರೋಗದಿಂದ ಕಾಪಾಡೋ ಸೂಕ್ಷ್ಮಜೀವಿಗಳು ಹಳಬರಿಂದಲೇ ಬರೋದು. ಇದು ಗೊತ್ತಾಗೋಕೆ ನಮಗೆ ಎರಡು ವರ್ಷ ಹಿಡೀತು. ನಿಮಗೆ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಪೆಟ್ಟಿಗೆ ಪಕ್ಕ ಕೂತು ನೋಡ್ದೆ.”

ಸ್ಟಾಪು ಬಂತು. ಹುಡುಗಿ ಚಿಕ್ಕಮ್ಮನ ಚೀಲ ಎತ್ತಿಕೊಂಡಳು.

“ನಾಳೆ ಲ್ಯಾಬಿಗೆ ಬನ್ನಿ.”

“ನಾನ್ಯಾಕೆ?”

“ಅಲ್ಲಿರೋರೆಲ್ಲಾ ಎಳೆಯರು. ಒಬ್ಬ ಮುದುಕಿ ಬೇಕು.”